ಯಾರೂ ನನ್ನ ಕೇಳ್ಲಿಲ್ಲ ಮಾವ

ಅಕ್ಕನ ಮಗಳು ಮೊದಲ ಪಿಯುಸಿಗೆ ಸೇರಿ ಎರಡು ತಿಂಗಳಾಗಿತ್ತು. ವಸತಿ ಕಾಲೇಜು. ಭಾನುವಾರ ಮಾತ್ರ ಫೋನು, ಅದೂ ಹಾಸ್ಟೆಲ್ಲಿನ ಫೋನಿನಿಂದ. ಹಿಂದೆ ಕ್ಯೂ ನಿಂತಿರುತ್ತೆ, ಒಬ್ಬೊಬ್ಬರಿಗೆ ಹತ್ತು ನಿಮಿಷ. ಅವತ್ತು ಅವಳು ಅಮ್ಮನಿಗೆ ಏಳು ನಿಮಿಷ ಕೊಟ್ಟು, ಉಳಿದ ಮೂರು ನಿಮಿಷಕ್ಕೆ ನನಗೆ ಫೋನ್ ಮಾಡಿದ್ದಳು.

"ಊಟ ಹೆಂಗಿದೆ ಪುಟ್ಟಿ?" ಅಂದೆ.

"ಪರವಾಗಿಲ್ಲ."

"ಬೆಳಿಗ್ಗೆ ಐದಕ್ಕೇ ಎಬ್ಬಿಸ್ತಾರಂತಲ್ಲ, ಕಷ್ಟ ಆಗುತ್ತಾ?"

"ಏಳೋದು ಕಷ್ಟ ಅಲ್ಲ ಮಾವ. ಊರಲ್ಲೂ ಅಜ್ಜಿ ಜೊತೆ ಐದಕ್ಕೇ ಏಳ್ತಿದ್ನಲ್ಲ. ಇಲ್ಲಿ ಯಾಕೆ ಏಳ್ತಿದೀನಿ ಅಂತ ಗೊತ್ತಾಗ್ತಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಈ ಕಾಲೇಜು, ಈ ನೀಟು, ಯಾವುದಕ್ಕೂ ಯಾರೂ ನನ್ನ ಕೇಳ್ಲಿಲ್ಲ ಮಾವ."

ಏನು ಹೇಳಬೇಕೋ ತಿಳಿಯಲಿಲ್ಲ. ಬಾಯಿಗೆ ಬಂದದ್ದು ಎಲ್ಲ ಮಾವಂದಿರ ಬಾಯಿಗೂ ಬರುವ ಮಾತೇ. "ಎರಡು ವರ್ಷ ತಡ್ಕೋ ಪುಟ್ಟಿ, ಆಮೇಲೆ ಲೈಫ್ ಸೆಟ್ಲ್."

"ಸರಿ ಮಾವ" ಅಂದಳು.

ಮುಂದಿನ ಭಾನುವಾರ ಫೋನ್ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಅಕ್ಕನನ್ನು ಕೇಳಿದೆ. "ಅಯ್ಯೋ, ಚೆನ್ನಾಗಿದಾಳೆ ಕಣೋ. ಈಗ ಏನೂ ದೂರು ಹೇಳಲ್ಲ. ಅಡ್ಜಸ್ಟ್ ಆಗಿದಾಳೆ" ಅಂದಳು.

ಆ ಪದ ಕೇಳಿ ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ತಾವಾಗಿಯೇ ಜೀವ ಕಳೆದುಕೊಂಡರು ಅನ್ನುತ್ತೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ. ಅವರಲ್ಲಿ ಎಷ್ಟು ಜನರ ಮನೆಯವರು ಹಿಂದಿನ ತಿಂಗಳು "ಅಡ್ಜಸ್ಟ್ ಆಗಿದಾನೆ" ಅಂದಿದ್ದರೋ. ಅವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ಹದಿನಾರು ಹದಿನೇಳರ ಮಗುವಿನ ಬದುಕು ಎಷ್ಟರ ಮಟ್ಟಿಗೆ ಅದರ ಕೈಲಿರಬೇಕು? ಪೂರ್ತಿ ಕೈಗೆ ಕೊಟ್ಟರೆ ಖುಷಿಯಾಗಿರುತ್ತಾ? ಇದಕ್ಕೆ ಅಮೆರಿಕದಲ್ಲೊಂದು, ಜಪಾನಲ್ಲೊಂದು, ನಮ್ಮ ಹಾಸನ ಜಿಲ್ಲೆಯಲ್ಲೊಂದು ಉತ್ತರ ಇದೆಯಾ, ಇಲ್ಲಾ ಎಲ್ಲ ಕಡೆ ಒಂದೇನಾ?

ನಾನು ಓದಿದ್ದು ಬಿಇ, ಮನಃಶಾಸ್ತ್ರ ಅಲ್ಲ. ಆದರೆ ನಿದ್ದೆ ಬರದಾಗ ಓದುವ ಅಭ್ಯಾಸ ಇದೆ. ಓದಿದ್ದನ್ನು ಹೇಳ್ತೀನಿ.

1966ರಲ್ಲಿ ಜೂಲಿಯನ್ ರಾಟರ್ ಅನ್ನೋ ಅಮೆರಿಕನ್ ಮನಃಶಾಸ್ತ್ರಜ್ಞ ಒಂದು ಪ್ರಶ್ನಾವಳಿ ಮಾಡಿದ. 29 ಜೋಡಿ ಹೇಳಿಕೆಗಳು. ಪ್ರತಿ ಜೋಡಿಯಲ್ಲಿ ನಿಮಗೆ ನಿಜ ಅನ್ನಿಸಿದ್ದನ್ನು ಆರಿಸಬೇಕು. ಬದುಕಿನಲ್ಲಿ ಆಗೋದೆಲ್ಲ ನನ್ನ ಪ್ರಯತ್ನದಿಂದ ಅಂತೀರೋ, ಅದೃಷ್ಟ ಮತ್ತು ಬೇರೆಯವರಿಂದ ಅಂತೀರೋ ಅನ್ನೋದನ್ನು ಅದು ಅಳೆಯುತ್ತೆ. ಇದಕ್ಕೆ 'ಲೋಕಸ್ ಆಫ್ ಕಂಟ್ರೋಲ್' ಅಂತ ಹೆಸರು. ನಮ್ಮ ಮಾತಲ್ಲಿ ಹೇಳಬೇಕಂದ್ರೆ, ಹಗ್ಗ ಯಾರ ಕೈಲಿದೆ ಅಂತ. ಹಗ್ಗ ನನ್ನ ಕೈಲಿದೆ ಅನ್ನುವವರು ಒಟ್ಟಾರೆ ಹೆಚ್ಚು ನೆಮ್ಮದಿಯಾಗಿರ್ತಾರೆ, ಇಲ್ಲ ಅನ್ನುವವರಲ್ಲಿ ಖಿನ್ನತೆ ಜಾಸ್ತಿ ಅಂತ ಆಮೇಲೆ ಬಂದ ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ.

2004ರಲ್ಲಿ ಜೀನ್ ಟ್ವೆಂಗೆ ಮತ್ತು ಜೊತೆಗಾರರು 1960ರಿಂದ 2002ರವರೆಗಿನ ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. 2002ರ ಸರಾಸರಿ ಅಮೆರಿಕನ್ ಕಾಲೇಜು ವಿದ್ಯಾರ್ಥಿ, ಅರವತ್ತರ ದಶಕದ ಶುರುವಿನಲ್ಲಿದ್ದ ನೂರರಲ್ಲಿ ಎಂಬತ್ತು ವಿದ್ಯಾರ್ಥಿಗಳಿಗಿಂತ ಹೆಚ್ಚಾಗಿ 'ಹಗ್ಗ ನನ್ನ ಕೈಲಿಲ್ಲ' ಅನ್ನುತ್ತಿದ್ದ. ನನಗೆ ಇದು ವಿಚಿತ್ರ ಅನ್ನಿಸ್ತು. ಕೋರ್ಸು, ಬಟ್ಟೆ, ಚಾನೆಲ್ಲು, ಎಲ್ಲದರಲ್ಲೂ ಆಯ್ಕೆ ಹೆಚ್ಚಾದ ನಲವತ್ತು ವರ್ಷ ಅವು. ಅಂದ್ರೆ ಮೆನು ಕಾರ್ಡು ಉದ್ದ ಆದ ತಕ್ಷಣ ಅಡುಗೆಮನೆ ನಮ್ಮದಾಗಲ್ಲ.

ಹಂಗಾದ್ರೆ ಆಯ್ಕೆಯನ್ನ ಮಕ್ಕಳಿಗೆ ಬಿಡೋದೇ ಬೇಡವಾ? ಇಲ್ಲಿ ಶೀನಾ ಅಯ್ಯಂಗಾರ್ ಬರ್ತಾರೆ. ಭಾರತದಿಂದ ಹೋದ ಸಿಖ್ ಕುಟುಂಬದ ಮಗಳು, ಹದಿಹರೆಯದಲ್ಲಿ ದೃಷ್ಟಿ ಕಳೆದುಕೊಂಡವರು, ಬದುಕಿಡೀ 'ಆಯ್ಕೆ' ಅನ್ನೋದನ್ನೇ ಅಧ್ಯಯನ ಮಾಡಿದವರು. 1999ರಲ್ಲಿ ಅವರು ಮತ್ತು ಮಾರ್ಕ್ ಲೆಪ್ಪರ್ ಪ್ರಕಟಿಸಿದ ಪ್ರಯೋಗ ತುಂಬ ಪ್ರಸಿದ್ಧ. ಸ್ಯಾನ್ ಫ್ರಾನ್ಸಿಸ್ಕೋದ ಏಳರಿಂದ ಒಂಬತ್ತು ವರ್ಷದ ಮಕ್ಕಳು. ಅರ್ಧ ಬಿಳಿಯರ ಮಕ್ಕಳು, ಅರ್ಧ ಜಪಾನ್, ಚೀನಾದಿಂದ ಬಂದವರ ಮಕ್ಕಳು. ಅಕ್ಷರ ಜೋಡಿಸಿ ಪದ ಮಾಡುವ ಆಟ. ಕೆಲವರಿಗೆ 'ಯಾವ ಆಟ ಬೇಕೋ ನೀನೇ ಆರಿಸಿಕೋ' ಅಂದರು. ಕೆಲವರಿಗೆ ಪ್ರಯೋಗ ನಡೆಸುವ ಮೇಡಮ್ಮೇ ಆರಿಸಿ ಕೊಟ್ಟರು. ಇನ್ನು ಕೆಲವರಿಗೆ 'ಇದನ್ನ ನಿಮ್ಮಮ್ಮ ಆರಿಸಿದಾರೆ' ಅಂದರು. ಬಿಳಿಯ ಮಕ್ಕಳು ತಾವೇ ಆರಿಸಿಕೊಂಡಾಗ ಚೆನ್ನಾಗಿ ಆಡಿದವು. ಏಷ್ಯಾ ಮೂಲದ ಮಕ್ಕಳು ಅಮ್ಮ ಆರಿಸಿದ್ದು ಅಂತ ತಿಳಿದಾಗ ಎಲ್ಲಕ್ಕಿಂತ ಚೆನ್ನಾಗಿ ಆಡಿದವು.

ಇದನ್ನ ಓದಿದಾಗ ನನಗೆ ಒಳಗೊಳಗೇ ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ. ನೋಡಿದ್ರಾ, ನಮ್ಮ ಕಡೆ ಅಪ್ಪ ಅಮ್ಮ ಹೇಳಿದ್ದೇ ಮಕ್ಕಳಿಗೆ ಹಿತ, 'ತಡ್ಕೋ' ಅಂದದ್ದು ಸರಿಯೇ ಆಯ್ತು ಅಂತ. ಎರಡನೇ ಸಲ ಓದಿದಾಗ ಮೂರನೇ ಗುಂಪು ಕಣ್ಣಿಗೆ ಬಿತ್ತು. ಮೇಡಮ್ಮು ಆರಿಸಿ ಕೊಟ್ಟಾಗ ಏಷ್ಯಾದ ಮಕ್ಕಳ ಆಟ ಎಲ್ಲಕ್ಕಿಂತ ಹಿಂದೆ ಬಿದ್ದಿತ್ತು, ತಾವೇ ಆರಿಸಿಕೊಂಡಿದ್ದಕ್ಕಿಂತಲೂ ಹಿಂದೆ. ಬೇರೆಯವರು ಹೇಳಿದಂಗೆ ಕೇಳೋದು ಆ ಮಕ್ಕಳ ರಕ್ತದಲ್ಲೇನೂ ಬಂದಿರಲಿಲ್ಲ. ಅಮ್ಮ ನನ್ನನ್ನು ಬಲ್ಲಳು, ನನ್ನ ಒಳ್ಳೇದನ್ನೇ ನೋಡಿ ಆರಿಸಿರ್ತಾಳೆ ಅನ್ನೋ ನಂಬಿಕೆ ಅಲ್ಲಿ ಕೆಲಸ ಮಾಡಿತ್ತು.

ಈಗ ನಮ್ಮ ಪುಟ್ಟಿಯ ಕಾಲೇಜನ್ನ ಆರಿಸಿದ್ದು ಯಾರು? ಅಕ್ಕನಾ? ಹೆದ್ದಾರಿ ಪಕ್ಕದ ಫ್ಲೆಕ್ಸಲ್ಲಿ ರ್‍ಯಾಂಕ್ ಬಂದ ಮಕ್ಕಳ ಫೋಟೋ ನೋಡಿ, ಪಕ್ಕದ ಮನೆಯವರ ಮಾತು ಕೇಳಿ, ಅಡ್ಮಿಶನ್ ಆಫೀಸಿನವನು 'ಎರಡೇ ಸೀಟು ಉಳಿದಿರೋದು ಮೇಡಂ' ಅಂದಿದ್ದಕ್ಕೆ ಹೆದರಿ ದುಡ್ಡು ಕಟ್ಟಿದ್ದು. ರಸೀದಿಯಲ್ಲಿ ಅಕ್ಕನ ಸಹಿ ಇದೆ. ಆರಿಸಿದ್ದು ಅಪರಿಚಿತ ಮೇಡಮ್ಮೇ.

ಇನ್ನೊಂದು ವಿಚಾರ ಇದೆ. 1984ರಲ್ಲಿ ವೈಸ್, ರಾತ್‌ಬಾಮ್, ಬ್ಲ್ಯಾಕ್‌ಬರ್ನ್ ಅನ್ನೋ ಮೂವರು ಅಮೆರಿಕವನ್ನೂ ಜಪಾನನ್ನೂ ಹೋಲಿಸಿ ಒಂದು ಲೇಖನ ಬರೆದರು. ಹಿಡಿತದಲ್ಲಿ ಎರಡು ಬಗೆ ಅಂದರು. ಒಂದು, ಹೊರಗಿನ ಪರಿಸ್ಥಿತಿಯನ್ನ ನನಗೆ ಬೇಕಾದಂಗೆ ಬದಲಿಸೋದು. ಇನ್ನೊಂದು, ಪರಿಸ್ಥಿತಿಗೆ ತಕ್ಕಂತೆ ನನ್ನನ್ನ ನಾನು ಬದಲಿಸಿಕೊಳ್ಳೋದು. ಅಮೆರಿಕದಲ್ಲಿ ಮೊದಲನೆಯದಕ್ಕೆ ಬೆಲೆ, ಜಪಾನಿನಲ್ಲಿ ಎರಡನೆಯದಕ್ಕೂ ಬೆಲೆ ಅಂತ ಅವರ ವಾದ. ಎರಡನೆಯದೂ ಒಂದು ಹಿಡಿತವೇ, ಸೋಲು ಅಲ್ಲ.

ಇದು ಓದ್ತಿದ್ದಂಗೆ ನೆನಪಾಗಿದ್ದು ನಮ್ಮಪ್ಪ. ನಮ್ಮ ಕಡೆ ಮುಂಗಾರಿಗೆ ಆಲೂಗೆಡ್ಡೆ. ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರ್‌ನಿಂದ ಲಾರಿಯಲ್ಲಿ ಬರಬೇಕು. ಬೀಜದ ರೇಟು ಅಪ್ಪನ ಕೈಲಿಲ್ಲ, ಮಳೆ ಕೈಲಿಲ್ಲ, ಅಂಗಮಾರಿ ರೋಗ ಬಂದರೆ ವಾರದಲ್ಲಿ ಹೊಲ ಕಪ್ಪು, ಕೊನೆಗೆ ಮಾರ್ಕೆಟ್ಟಿನ ರೇಟೂ ಕೈಲಿಲ್ಲ. ರಾಟರ್ ಪ್ರಶ್ನಾವಳಿ ಕೊಟ್ಟಿದ್ದರೆ ಅಪ್ಪ ಅದೃಷ್ಟದ ಕಡೆಗೇ ಹೆಚ್ಚು ಟಿಕ್ ಹಾಕ್ತಿದ್ದ, ಮತ್ತದು ಸರಿಯಾದ ಉತ್ತರವೇ ಆಗ್ತಿತ್ತು. ಹಂಗಂತ ಅಪ್ಪ ಕೈಚೆಲ್ಲಿ ಕೂತವನಲ್ಲ. ಎರಡು ವರ್ಷ ಅಂಗಮಾರಿ ಬಂದ ಮೇಲೆ ಅರ್ಧ ಹೊಲಕ್ಕೆ ಮುಸುಕಿನ ಜೋಳ ಹಾಕಿದ. ಅವ್ವನ ಜೊತೆ ರಾತ್ರಿ ಊಟ ಆದ್ಮೇಲೆ ಲೆಕ್ಕ ಹಾಕ್ತಿದ್ದ. ಅವನೂ ಅಡ್ಜಸ್ಟ್ ಆದ, ಆದರೆ ಯಾಕೆ ಆಗ್ತಿದೀನಿ ಅನ್ನೋದು ಅವನಿಗೆ ಗೊತ್ತಿತ್ತು, ಎಷ್ಟು ಆಗಬೇಕು ಅನ್ನೋದನ್ನ ಅವನೇ ನಿರ್ಧರಿಸ್ತಿದ್ದ.

ಪುಟ್ಟಿಯ ಅಡ್ಜಸ್ಟ್‌ಮೆಂಟು ಅದಲ್ಲ. ಅವಳು 'ಸರಿ ಮಾವ' ಅಂದು ಮಾತು ನಿಲ್ಲಿಸಿದ್ದು. 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮಯರ್ ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಏನು ಮಾಡಿದರೂ ನಿಲ್ಲದ ಶಾಕ್ ತಿಂದ ನಾಯಿಗಳು, ಆಮೇಲೆ ಸುಲಭವಾಗಿ ದಾಟಿ ಹೋಗಬಹುದಾದ ಜಾಗದಲ್ಲೂ ಎದ್ದು ಹೋಗದೆ ಮಲಗಿಬಿಟ್ಟವು. ಇದನ್ನ 'ಕಲಿತ ಅಸಹಾಯಕತೆ' ಅಂದರು. ಸುಮಾರು ಐವತ್ತು ವರ್ಷದ ನಂತರ, 2016ರಲ್ಲಿ, ಅದೇ ಇಬ್ಬರು ಮೆದುಳಿನ ಅಧ್ಯಯನಗಳನ್ನ ನೋಡಿ ತಮ್ಮ ಮಾತನ್ನೇ ತಿದ್ದಿಕೊಂಡರು. ತಪ್ಪಿಸಿಕೊಳ್ಳಲಾಗದ ಹೊಡೆತ ಬಿದ್ದಾಗ ಸುಮ್ಮನಾಗೋದು ಕಲಿತದ್ದಲ್ಲ, ಅದು ಜೀವಿಯ ಮೊದಲ ಪ್ರತಿಕ್ರಿಯೆ. ನಾನು ಏನಾದರೂ ಮಾಡಿದರೆ ಏನಾದರೂ ಬದಲಾಗುತ್ತೆ ಅನ್ನೋದೇ ಕಲಿಯಬೇಕಾದ ಪಾಠ ಅಂತ. ಮಕ್ಕಳ ವಿಷಯದಲ್ಲಿ ಈ ತಿದ್ದುಪಡಿ ನನಗೆ ತುಂಬ ದೊಡ್ಡದಾಗಿ ಕಾಣುತ್ತೆ. ಬದುಕಿನ ಮೇಲೆ ಹಿಡಿತ ಅನ್ನೋದು ಹದಿನೆಂಟು ತುಂಬಿದ ದಿನ ತಾನಾಗಿ ಬರಲ್ಲ. ಮೊದಲೇ ಯಾರಾದರೂ ಚಿಕ್ಕ ಚಿಕ್ಕ ವಿಷಯದಲ್ಲಿ ಅಭ್ಯಾಸ ಮಾಡಿಸಿರಬೇಕು.

'ಅದೆಲ್ಲ ಪಾಶ್ಚಾತ್ಯರ ಯೋಚನೆ, ಏಷ್ಯಾದವರು ಬೇರೆ' ಅನ್ನೋರು ಇದ್ದಾರೆ. ಅವರಿಗೆ ಜಪಾನಿನದೇ ಒಂದು ಕಥೆ. ಒಸಾಕಾದ ಒಂದು ಹೈಸ್ಕೂಲಿನಲ್ಲಿ ಒಬ್ಬ ಹುಡುಗಿಯ ಕೂದಲು ಹುಟ್ಟಿನಿಂದಲೇ ಕಂದು. ಶಾಲೆ ಕಪ್ಪು ಬಣ್ಣ ಹಾಕ್ಕೊಂಡು ಬಾ ಅಂತ ಮತ್ತೆ ಮತ್ತೆ ಒತ್ತಾಯ ಮಾಡಿತು. ಅವಳು ಶಾಲೆಗೆ ಹೋಗೋದು ನಿಲ್ಲಿಸಿ 2017ರಲ್ಲಿ ಕೋರ್ಟಿಗೆ ಹೋದಳು. 2021ರಲ್ಲಿ ಕೋರ್ಟು ಕೂದಲಿನ ನಿಯಮವನ್ನ ತಪ್ಪು ಅನ್ನಲಿಲ್ಲ, ಆದರೆ ಅವಳನ್ನ ನಡೆಸಿಕೊಂಡ ರೀತಿಗೆ ಪರಿಹಾರ ಕೊಡಿಸಿತು. 2022ರಲ್ಲಿ ಟೋಕಿಯೋದ ಸರ್ಕಾರಿ ಹೈಸ್ಕೂಲುಗಳು ಇಂಥ ಕೂದಲಿನ ನಿಯಮಗಳನ್ನ ಕೈಬಿಟ್ಟವು. 'ಹೊಂದಿಕೊಳ್ಳೋದೇ ನಮ್ಮ ಸಂಸ್ಕೃತಿ' ಅಂತ ನಾವು ಯಾರ ಹೆಸರಲ್ಲಿ ಹೇಳ್ತೀವೋ ಆ ಮಕ್ಕಳು ಅದಕ್ಕೆ ಒಪ್ಪಿದ್ದಾರಾ ಅಂತ ನೋಡಬೇಕು. ಯುನಿಸೆಫ್ 2020ರಲ್ಲಿ 38 ಶ್ರೀಮಂತ ದೇಶಗಳ ಮಕ್ಕಳ ಸ್ಥಿತಿ ಹೋಲಿಸಿತ್ತು. ದೈಹಿಕ ಆರೋಗ್ಯದಲ್ಲಿ ಜಪಾನ್ ಮೊದಲು, ಮಾನಸಿಕ ನೆಮ್ಮದಿಯಲ್ಲಿ 37ನೇ ಸ್ಥಾನ.

ಆ ಪಟ್ಟಿಯಲ್ಲಿ ಒಟ್ಟಾರೆ ಮೊದಲು ಬಂದಿದ್ದು ನೆದರ್‌ಲ್ಯಾಂಡ್ಸ್. ಕೆಲಸದ ಮೇಲೆ ನಾನು ಅಲ್ಲಿ ಐಂಡ್‌ಹೋವನ್ನಿನಲ್ಲಿ ಎಂಟು ತಿಂಗಳು ಇದ್ದೆ. ಅಲ್ಲಿನ ಮಕ್ಕಳಿಗೆ ಎಲ್ಲಾ ಅವರಿಷ್ಟ ಅಂತ ತಿಳಿಯಬೇಡಿ. ಹನ್ನೆರಡನೇ ವಯಸ್ಸಿಗೇ ಪ್ರೈಮರಿ ಶಾಲೆಯ ಸಲಹೆ ಮೇಲೆ ಯಾರು ವೃತ್ತಿ ಶಿಕ್ಷಣಕ್ಕೆ, ಯಾರು ಯೂನಿವರ್ಸಿಟಿ ದಾರಿಗೆ ಅಂತ ಭಾಗ ಮಾಡ್ತಾರೆ. ನಮ್ಮ ಪಿಯುಸಿಗಿಂತ ನಾಲ್ಕು ವರ್ಷ ಮೊದಲೇ. ಅದು ಸರಿಯೇ ಅಂತ ಅಲ್ಲಿನವರೇ ಜಗಳ ಆಡ್ತಾರೆ. ನನ್ನ ಜೊತೆ ಕೆಲಸ ಮಾಡ್ತಿದ್ದವರ ಮಗ ವೃತ್ತಿ ಶಿಕ್ಷಣದ ದಾರಿಯಲ್ಲಿದ್ದ. ಅವರ ಮನೆಗೆ ಊಟಕ್ಕೆ ಹೋದಾಗ ಹದಿನಾಲ್ಕರ ಆ ಹುಡುಗ ಬಡಗಿ ಕೆಲಸ ಯಾಕೆ ಇಷ್ಟ ಅಂತ ನನಗೆ ಅರ್ಧ ಗಂಟೆ ವಿವರಿಸಿದ. ಇಂಜಿನಿಯರ್ ಅಪ್ಪ ಎದುರಿಗೇ ಕೂತು ವಾದ ಮಾಡ್ತಿದ್ದರು, 'ಬೆನ್ನು ನೋವು ಬಂದರೆ ಏನು ಮಾಡ್ತೀಯ?' ಅಂತ. ಹುಡುಗ ಅದಕ್ಕೂ ಉತ್ತರ ಇಟ್ಟುಕೊಂಡಿದ್ದ. ಆ ದೇಶದಲ್ಲಿ ಹನ್ನೆರಡು ದಾಟಿದ ಮಗುವಿಗೆ ಚಿಕಿತ್ಸೆ ಕೊಡಬೇಕಂದ್ರೆ ಅಪ್ಪ ಅಮ್ಮನ ಒಪ್ಪಿಗೆ ಜೊತೆ ಮಗುವಿನ ಒಪ್ಪಿಗೆಯೂ ಬೇಕು ಅಂತ ಕಾನೂನಿದೆ. ಹದಿನಾರಕ್ಕೆ ಮಗುವೇ ನಿರ್ಧರಿಸಬಹುದು. ಅಂದ್ರೆ ಕೇಳೋದು ಅಲ್ಲಿ ದೊಡ್ಡವರ ಔದಾರ್ಯ ಅಲ್ಲ, ವಾಡಿಕೆ.

ಕೇಳಬೇಕು ಅಂತ ನಾವೂ ಒಪ್ಪಿಕೊಂಡಿದ್ದೀವಿ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುವುದು ಇಷ್ಟೇ: ತನಗೆ ಸಂಬಂಧಪಟ್ಟ ವಿಷಯದಲ್ಲಿ ಮಗುವಿನ ಅಭಿಪ್ರಾಯ ಕೇಳಬೇಕು, ವಯಸ್ಸು ಮತ್ತು ತಿಳುವಳಿಕೆಗೆ ತಕ್ಕ ತೂಕ ಕೊಡಬೇಕು. ಮಗು ಹೇಳಿದ್ದೇ ಆಗಬೇಕು ಅಂತ ಅದರಲ್ಲಿಲ್ಲ. 1992ರಲ್ಲಿ ಭಾರತ ಅದಕ್ಕೆ ಸೇರಿತು.

ದಕ್ಷಿಣ ಕೊರಿಯಾ, ಟರ್ಕಿ, ರಷ್ಯಾ, ಅಮೆರಿಕ, ಈ ನಾಲ್ಕು ದೇಶದ ಕಾಲೇಜು ವಿದ್ಯಾರ್ಥಿಗಳ ಮೇಲೆ 2003ರಲ್ಲಿ ಚಿರ್ಕೋವ್, ರಯಾನ್ ಮತ್ತಿತರರು ಒಂದು ಅಧ್ಯಯನ ಪ್ರಕಟಿಸಿದರು. ಹಿರಿಯರ ಮಾತು ಕೇಳೋದಾಗಲಿ, ತನ್ನ ದಾರಿ ತಾನು ಹಿಡಿಯೋದಾಗಲಿ, ಯಾವುದೇ ಇರಲಿ, ಅದನ್ನ ಯಾರೋ ಬೈತಾರೆ ಅಂತ ಮಾಡ್ತೀಯಾ, ಇಲ್ಲಾ ನಿನಗೇ ಅದು ಸರಿ ಅನ್ನಿಸಿ ಮಾಡ್ತೀಯಾ ಅಂತ ಕೇಳಿದರು. ನಾಲ್ಕೂ ದೇಶದಲ್ಲಿ, ಒಳಗಿನಿಂದ ಒಪ್ಪಿ ಮಾಡ್ತಿದ್ದವರೇ ಹೆಚ್ಚು ನೆಮ್ಮದಿಯಾಗಿದ್ದರು. ಸ್ವಾಯತ್ತತೆ ಅಂದ್ರೆ ಒಂಟಿಯಾಗಿ ನಿಲ್ಲೋದು ಅಲ್ಲ. ಅಮ್ಮನ ಮಾತು ಕೇಳಿಯೂ ಸ್ವಾಯತ್ತವಾಗಿರಬಹುದು, ಅಮ್ಮನ ಮಾತು ನನಗೆ ಅರ್ಥವಾಗಿದ್ದರೆ.

ನನ್ನ ಕೆಲಸದಲ್ಲೂ ಇದನ್ನ ದಿನಾ ನೋಡ್ತೀನಿ. ಹೊಸ ಹುಡುಗರು ಬರೆದ ಕೋಡನ್ನ ಸೀನಿಯರ್‌ಗಳು ವಾಪಸ್ ಕಳಿಸ್ತೀವಿ. ಯಾಕೆ ಅಂತ ಎರಡು ಸಾಲು ಬರೆದು ಕಳಿಸಿದರೆ ಬೇಜಾರಾದರೂ ತಿದ್ದಿ, ವಾದ ಮಾಡಿ, ಕಲೀತಾರೆ. ಕಾರಣ ಇಲ್ಲದೆ ನಾಲ್ಕು ಸಲ ವಾಪಸ್ ಕಳಿಸಿ ನೋಡಿ, ಐದನೇ ಸಲ 'ನೀವೇ ಹೆಂಗೆ ಬೇಕೋ ಹೇಳಿ ಸರ್, ಹಂಗೇ ಬರೀತೀನಿ' ಅಂತಾರೆ. ಮ್ಯಾನೇಜರ್ ಕಣ್ಣಿಗೆ ಅವರೂ ಅಡ್ಜಸ್ಟ್ ಆದವರೇ.

ಇಷ್ಟೆಲ್ಲ ತಲೇಲಿ ತುಂಬಿಕೊಂಡು ದಸರಾ ರಜೆಗೆ ಅಕ್ಕನ ಮನೆಗೆ ಹೋದೆ. ಪುಟ್ಟಿ ಬಂದಿದ್ದಳು. ಸಣ್ಣಗಾಗಿದ್ದಳು, ಕೇಳಿದ್ದಕ್ಕೆಲ್ಲ 'ಹ್ಞೂಂ' ಅಂತಿದ್ದಳು. ಅಡುಗೆಮನೆಯಲ್ಲಿ ಅಕ್ಕ ರೊಟ್ಟಿ ತಟ್ಟುತ್ತಿದ್ದಾಗ ಶುರು ಮಾಡಿದೆ. "ಅವಳಿಗೆ ಏನು ಬೇಕು ಅಂತ ಒಂದ್ಸಲ ಕೇಳೋಣ ಕಣಕ್ಕ. ಅವಳನ್ನ ಕೇಳದೆ ಸೇರಿಸಿದ್ದು ತಪ್ಪಾಯ್ತೇನೋ."

ಅಕ್ಕ ಕೈ ನಿಲ್ಲಿಸಲಿಲ್ಲ. "ನನ್ನ ಯಾರ್ ಕೇಳಿದ್ರು ಹೇಳು?" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಸಿಇಟಿ ಕೌನ್ಸೆಲಿಂಗ್ ನೆನಪಾಯ್ತು. ಆಗ ಬೆಂಗಳೂರಿಗೇ ಹೋಗಬೇಕಿತ್ತು. ಅಪ್ಪ ಜೊತೆಯಲ್ಲಿ ಬಂದಿದ್ದ. "ನಂಗೆ ಇದೆಲ್ಲ ತಿಳಿಯಾಕಿಲ್ಲ ಮಗ, ನೀನೇ ನೋಡ್ಕೊ. ಸರಿಹೋಗ್ಲಿಲ್ಲ ಅಂದ್ರೆ ಊರಿಗೆ ಬರಾಕೆ ನಾಚ್ಕೊಬೇಡ" ಅಂದಿದ್ದ. ಆ ಮಾತನ್ನ ನಾನು ಎಷ್ಟೋ ಜನರ ಮುಂದೆ ಹೆಮ್ಮೆಯಿಂದ ಹೇಳಿದೀನಿ. ಅದೇ ಅಪ್ಪ, ನಾನು ಹದಿನಾಲ್ಕು ವರ್ಷದವನಿದ್ದಾಗ, ಪಿಯುಸಿ ಫಸ್ಟ್ ಕ್ಲಾಸಲ್ಲಿ ಪಾಸಾಗಿ ಒಂದು ವರ್ಷ ಮನೆಯಲ್ಲಿದ್ದ ಅಕ್ಕನ ಮದುವೆ ಮಾಡಿದ. ಆ ವರ್ಷ ಆಲೂಗೆಡ್ಡೆಗೆ ಒಳ್ಳೇ ರೇಟು ಬಂದಿತ್ತು. ಕೈಲಿ ದುಡ್ಡಿದ್ದಾಗಲೇ ಮಾಡಿ ಮುಗಿಸಬೇಕು ಅಂತ. ಅಕ್ಕನ ಬದುಕಿನ ಹಗ್ಗ ಮಾರ್ಕೆಟ್ಟಿನ ಕೈಲಿತ್ತು. ಅವಳು ಆಗಲೂ 'ಸರಿ ಅಪ್ಪ' ಅಂದಿರಬೇಕು. ನಾನು ಮದುವೆಮನೆಯಲ್ಲಿ ಹೊಸ ಪ್ಯಾಂಟು ಹಾಕ್ಕೊಂಡು ಓಡಾಡ್ತಿದ್ದೆ.

ನಾನು ಓದಿದ ಸಂಶೋಧನೆಗಳೆಲ್ಲ ಅಮೆರಿಕ, ಜಪಾನ್ ಅಂತ ದೇಶ ದೇಶದ ನಡುವೆ ಗೆರೆ ಎಳೆದಿದ್ದವು. ನಮ್ಮ ಮನೆಯಲ್ಲೇ, ಒಂದೇ ಅಪ್ಪನ ಕೆಳಗೆ, ಎರಡು ಸಂಸ್ಕೃತಿ ಇದ್ದವು. ನನಗೊಂದು, ಅಕ್ಕನಿಗೊಂದು. ಕೇಳಿಸಿಕೊಂಡು ಬೆಳೆದ ನಾನು, ಕೇಳದೆಯೇ ಬೆಳೆಸಲಾದ ಅಕ್ಕನಿಗೆ ಉಪದೇಶ ಮಾಡೋಕೆ ಹೋಗಿದ್ದೆ. ತನ್ನ ಕೈಲಿ ಯಾವತ್ತೂ ಇರದಿದ್ದ ಹಗ್ಗ ಮೊದಲ ಸಲ ಕೈಗೆ ಸಿಕ್ಕಾಗ ಯಾರಾದರೂ ಅದನ್ನ ಬಿಗಿಯಾಗೇ ಹಿಡೀತಾರೆ. ಮಗಳು ಡಾಕ್ಟರಾದರೆ ಅವಳನ್ನ ಯಾರೂ ರೇಟು ನೋಡಿ ಮದುವೆ ಮಾಡಲ್ಲ ಅನ್ನೋ ಲೆಕ್ಕ ಅಕ್ಕನದು. ಆ ಲೆಕ್ಕವನ್ನ ತಪ್ಪು ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಅದನ್ನ ಅವಳು ಮಗಳಿಗೆ ಯಾವತ್ತೂ ಹೇಳಿರಲಿಲ್ಲ ಅನ್ನೋದಷ್ಟೇ ತಪ್ಪು ಅನ್ನಿಸ್ತು.

"ಇದನ್ನೇ ಅವಳಿಗೆ ಹೇಳಕ್ಕ" ಅಂದೆ.

ಬಾಗಿಲಲ್ಲಿ ಪುಟ್ಟಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ತಿದ್ದಳೋ. "ಅಮ್ಮ, ನೀನು ಏನು ಓದ್ಬೇಕು ಅಂತಿದ್ದೆ?" ಅಂತ ಕೇಳಿದಳು.

ಅಕ್ಕ ತವಾದ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಟಿಸಿಎಚ್ ಮಾಡಿ ಮೇಷ್ಟ್ರಾಗ್ಬೇಕು ಅಂತಿದ್ದೆ. ಈಗ ಯಾಕದು."

ನಾನು ಅವಳ ತಮ್ಮ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ನಾನು ಅದನ್ನ ಕೇಳಿರಲಿಲ್ಲ.

ಅವತ್ತು ರಾತ್ರಿ ಅಮ್ಮ ಮಗಳು ಹನ್ನೆರಡರವರೆಗೆ ಮಾತಾಡಿದರು. ಪುಟ್ಟಿಗೆ ಬೇಕಿರೋದು ಬಿಎಸ್‌ಸಿ ಅಗ್ರಿಕಲ್ಚರ್ ಅಂತ ಗೊತ್ತಾಯ್ತು. "ಮತ್ತೆ ಮಣ್ಣಿಗೇ ಹೋಗ್ತೀಯಾ?" ಅಂತ ಅಕ್ಕ ಅತ್ತಳು. ಭಾವನಿಗೆ ಹೋದ ವರ್ಷ ಶುಂಠಿಯಲ್ಲಿ ಆದ ಲಾಸು ಇನ್ನೂ ತೀರಿಲ್ಲ. ಅದಕ್ಕೇ ಓದ್ಬೇಕು ಅನ್ನೋದು ಪುಟ್ಟಿಯ ವಾದ. ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಕಾಲೇಜು ಬಿಡೋದಿಲ್ಲ. ನೀಟ್ ಬರೀತಾಳೆ, ಸಿಇಟಿನೂ ಬರೀತಾಳೆ. ಆಪ್ಶನ್ ಎಂಟ್ರಿ ಮಾತ್ರ ಸೈಬರ್ ಸೆಂಟರ್‌ನವನಾಗಲಿ, ಮಾವನಾಗಲಿ ತುಂಬೋ ಹಂಗಿಲ್ಲ. ಅವಳೇ ತುಂಬ್ತಾಳೆ.

"ನಾನು ಪಕ್ಕದಲ್ಲಿ ಕೂತಿರ್ತೀನಿ" ಅಂದಳು ಅಕ್ಕ. "ಒಂದೊಂದನ್ನೂ ಯಾಕೆ ಅಂತ ನಂಗೆ ಹೇಳ್ತಾ ತುಂಬು."

ಅವಳು ಬೆಳಿಗ್ಗೆ ಈಗಲೂ ಐದಕ್ಕೇ ಏಳ್ತಾಳೆ. ಖುಷಿಯಾಗಿದಾಳಾ ಅಂದ್ರೆ, ಎಲ್ಲ ದಿನ ಇಲ್ಲ. ಟೆಸ್ಟಲ್ಲಿ ಮಾರ್ಕ್ಸ್ ಕಮ್ಮಿ ಬಂದ ವಾರ ಅಳ್ತಾಳೆ. ಆದರೆ ಭಾನುವಾರ ಫೋನ್ ಬರ್ತಿದೆ. ಹೋದ ವಾರ ನಾನೇನೋ ಬುದ್ಧಿ ಹೇಳಿದ್ದಕ್ಕೆ ಅವಳು 'ಸರಿ ಮಾವ' ಅನ್ನಲಿಲ್ಲ. "ಯಾಕೆ ಮಾವ?" ಅಂದಳು. ಹಿಂದೆ ಕ್ಯೂನಲ್ಲಿದ್ದ ಹುಡುಗಿ ಟೈಮಾಯ್ತು ಅಂತ ಕೂಗಿದಳು. ಉತ್ತರ ಬಾಕಿ ಇದೆ, ಈ ಭಾನುವಾರದೊಳಗೆ ಯೋಚಿಸಿಟ್ಟುಕೊಳ್ಳಬೇಕು.